ಕ್ರೆಡಿಟ್ ಕಾರ್ಡೂ ಮನೆಯ ಜಮಾಖರ್ಚೂ

ಸಾಲ ಕೊಡುವವನೂ ಕೊಳ್ಳುವವನೂ ಒಬ್ಬರ ಮುಖವನ್ನೊಬ್ಬರು ನೋಡಿ ವ್ಯವಹರಿಸುತ್ತಿದ್ದ ಕಾಲವೊಂದಿತ್ತು. ಉತ್ತರ ಕರ್ನಾಟಕದ ಪೇಟೆಗಳಲ್ಲಿ ಕಿರಾಣಿ ಅಂಗಡಿಯ ಉದ್ರಿ ವಹಿಯೆಂದರೆ ಊರಿನ ಸಂಸಾರಗಳ ಗುಪ್ತ ಚರಿತ್ರೆಯೇ ಆಗಿರುತ್ತಿತ್ತು. 'ಇಂದು ನಗದು, ನಾಳೆ ಉದ್ರಿ' ಎಂಬ ಹಲಗೆಯನ್ನು ತೂಗುಹಾಕಿ, ಅದರ ಕೆಳಗೇ ಕುಳಿತು ಅಂಗಡಿಕಾರನು ಉದ್ರಿ ಬರೆದುಕೊಳ್ಳುತ್ತಿದ್ದನೆಂಬುದು ಬೇರೆ ಮಾತು. ಆದರೆ ಯಾವ ಮನೆಗೆ ಎಷ್ಟರ ಭಾರ ತಡೆದೀತು, ಯಾರ ಸುಗ್ಗಿ ಕೈಗೆ ಹತ್ತಿದೆ, ಯಾರ ಮನೆಯಲ್ಲಿ ಮದುವೆಯ ಖರ್ಚು ಕಾದಿದೆ ಎಂಬುದೆಲ್ಲ ಅವನಿಗೆ ಗೊತ್ತಿರುತ್ತಿತ್ತು. ಲೆಕ್ಕ ಮೀರಿತೆಂದು ಕಂಡಾಗ, 'ಹಿಂದಿನದು ಮುಗಿಯಲಿ, ಆಮೇಲೆ ನೋಡೋಣ' ಎಂದು ಅವನೇ ಕೈ ತಡೆಯುತ್ತಿದ್ದನು. ಇಂದು ಆ ವಹಿಯ ಸ್ಥಾನಕ್ಕೆ ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯೊಂದು ಬಂದಿದೆ. ಅದನ್ನು ಕೊಟ್ಟ ಬ್ಯಾಂಕು ಗ್ರಾಹಕನ ಮುಖವನ್ನು ಕಂಡದ್ದಿಲ್ಲ. ಮಿತಿ ತುಂಬುವವರೆಗೆ ಕೈ ತಡೆಯುವುದೂ ಇಲ್ಲ. ಕಂತುಗಳು ಸರಿಯಾಗಿ ಬರುತ್ತಿದ್ದರೆ ಮಿತಿಯನ್ನು ಹೆಚ್ಚಿಸಲೂ ಮುಂದಾಗುತ್ತದೆ. ಅಂಗಡಿಕಾರನು ಮಾಡುತ್ತಿದ್ದ ಆ ಕೆಲಸವು ಈಗ ಗೃಹಸ್ಥನ ಪಾಲಿಗೇ ಬಂದಿರುವುದರಿಂದ, ಕಾರ್ಡಿನ ಆಯ್ಕೆಯೆಂಬುದು ಬ್ಯಾಂಕಿನ ಕರಪತ್ರವನ್ನು ಓದಿ ತೀರ್ಮಾನಿಸುವ ವಿಷಯವಾಗಿ ಉಳಿದಿಲ್ಲ. ಮನೆಯ ಜಮಾಖರ್ಚಿನ ಪುಸ್ತಕವನ್ನು ತೆರೆದು ತೀರ್ಮಾನಿಸಬೇಕಾದ ವಿಷಯವಾಗಿದೆ.

ಈ ಪದ್ಧತಿಯ ಇತಿಹಾಸವು ಬಹಳ ಹಳೆಯದಲ್ಲ. ೧೯೫೦ರಲ್ಲಿ ನ್ಯೂಯಾರ್ಕಿನಲ್ಲಿ ಫ್ರಾಂಕ್ ಮ್ಯಾಕ್‌ನಮಾರಾ ಮತ್ತು ಸಂಗಡಿಗರು ಆರಂಭಿಸಿದ ಡೈನರ್ಸ್ ಕ್ಲಬ್ ಕಾರ್ಡು ಮೊದಲಿಗೆ ರಟ್ಟಿನದಾಗಿತ್ತು. ತಿಂಗಳ ಕೊನೆಗೆ ಪೂರ್ಣ ಹಣವನ್ನು ಸಲ್ಲಿಸಲೇಬೇಕಿತ್ತು. ಬಾಕಿಯನ್ನು ಮುಂದಿನ ತಿಂಗಳಿಗೆ ದೂಡಿ ಬಡ್ಡಿ ಕೊಡುತ್ತ ಹೋಗುವ ಬಗೆಯು ವ್ಯಾಪಕವಾದದ್ದು ೧೯೫೮ರ ತರುವಾಯ. ಆ ವರ್ಷ ಬ್ಯಾಂಕ್ ಆಫ್ ಅಮೆರಿಕವು ಕ್ಯಾಲಿಫೋರ್ನಿಯಾದ ಫ್ರೆಸ್ನೋ ನಗರದಲ್ಲಿ ಸುಮಾರು ೬೦,೦೦೦ ಜನರಿಗೆ, ಅವರು ಕೇಳದಿದ್ದರೂ, ಅಂಚೆಯ ಮೂಲಕ ಕಾರ್ಡುಗಳನ್ನು ಕಳುಹಿಸಿಬಿಟ್ಟಿತು. ಭಾರತಕ್ಕೆ ಡೈನರ್ಸ್ ಕ್ಲಬ್ ೧೯೬೧ರಲ್ಲಿ ಬಂದಿತು. ೧೯೮೦ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ತನ್ನ 'ಸೆಂಟ್ರಲ್ ಕಾರ್ಡ'ನ್ನು ಹೊರತಂದಿತು. ಅಂದು ಅದು ಅನುಕೂಲಸ್ಥರ ಕಿಸೆಯ ಆಭರಣವಾಗಿದ್ದಿತು. ೨೦೨೪ರ ಆರಂಭದ ತಿಂಗಳುಗಳಲ್ಲಿ ದೇಶದಲ್ಲಿನ ಕ್ರೆಡಿಟ್ ಕಾರ್ಡುಗಳ ಸಂಖ್ಯೆಯು ಹತ್ತು ಕೋಟಿಯನ್ನು ದಾಟಿತು. ಅಂದರೆ ಈ ಪ್ರಶ್ನೆಯು ಈಗ ತಾಲ್ಲೂಕು ಕೇಂದ್ರದ ಶಿಕ್ಷಕರ ಕೊಠಡಿಯವರೆಗೂ ಬಂದು ನಿಂತಿದೆ.

ಹೀಗೆ ಬಂದು ನಿಂತಾಗ ಎಲ್ಲರೂ ಕೇಳುವುದು ಒಂದೇ: 'ಯಾವ ಕಾರ್ಡು ಒಳ್ಳೆಯದು?' ಈ ಪ್ರಶ್ನೆಯೇ ತಪ್ಪು ದಾರಿಯಲ್ಲಿ ಹೊರಟಿದೆ. ಯಾವ ಪಾದರಕ್ಷೆ ಒಳ್ಳೆಯದೆಂದು ಪಾದದ ಅಳತೆಯನ್ನು ಹೇಳದೆ ಕೇಳಿದಂತೆ ಅದು. ಅಳತೆಯಲ್ಲಿಯೂ ಮೊಟ್ಟಮೊದಲನೆಯದು ಖರ್ಚಿನದಲ್ಲ, ಸಲ್ಲಿಕೆಯದು. ಬಿಲ್ಲು ಬಂದಾಗ ಪೂರ್ಣ ಮೊತ್ತವನ್ನು ಗಡುವಿನೊಳಗೆ ಸಲ್ಲಿಸುವ ಅಭ್ಯಾಸವು ಆ ಮನೆಗೆ ಇದೆಯೇ? ಹನ್ನೆರಡು ತಿಂಗಳಲ್ಲಿ ಹನ್ನೆರಡು ಸಲವೂ ಸಾಧ್ಯವೇ? ಇದಕ್ಕೆ 'ಹೌದು' ಎಂಬ ಉತ್ತರವು ನಿಸ್ಸಂದೇಹವಾಗಿ ಬಾರದಿದ್ದರೆ, ಬಹುಮಾನದ ಅಂಕಗಳು, ರಿಯಾಯಿತಿಗಳು, ವಿಮಾನ ನಿಲ್ದಾಣದ ವಿಶ್ರಾಂತಿಗೃಹಗಳು ಇವೆಲ್ಲ ಅಪ್ರಸ್ತುತವಾಗುತ್ತವೆ.

ಲೆಕ್ಕವನ್ನು ಬಿಡಿಸಿ ನೋಡುವುದು ಮೇಲು. ಹೆಚ್ಚಿನ ಬ್ಯಾಂಕುಗಳು ಬಾಕಿಯ ಮೇಲೆ ತಿಂಗಳಿಗೆ ಶೇ. ೩.೫ರಿಂದ ೩.೭೫ರವರೆಗೆ, ಎಂದರೆ ವರ್ಷಕ್ಕೆ ಶೇ. ೪೨ರಿಂದ ೪೫ರಷ್ಟು ಬಡ್ಡಿಯನ್ನು ವಿಧಿಸುತ್ತವೆ. ಆ ಬಡ್ಡಿಯ ಮೇಲೆ ಶೇ. ೧೮ರ ಸರಕು ಮತ್ತು ಸೇವಾ ತೆರಿಗೆ ಬೇರೆ. ರೂ. ೪೦,೦೦೦ ಬಾಕಿಯುಳ್ಳ ಗೃಹಸ್ಥನೊಬ್ಬನು ಇನ್ನು ಮುಂದೆ ಕಾರ್ಡಿನಿಂದ ಏನನ್ನೂ ಕೊಳ್ಳದೆ, ಬಿಲ್ಲಿನಲ್ಲಿ ಕಾಣಿಸುವ 'ಕನಿಷ್ಠ ಪಾವತಿ'ಯನ್ನು, ಅದು ಒಟ್ಟು ಬಾಕಿಯ ಶೇ. ೫ ಎಂದಿಟ್ಟುಕೊಂಡರೆ, ತಪ್ಪದೆ ಒಂದು ವರ್ಷ ಕಟ್ಟುತ್ತ ಬಂದನೆಂದು ಭಾವಿಸೋಣ. ಶೇ. ೩.೫ರ ಬಡ್ಡಿಯಂತೆ ಅವನು ಕಟ್ಟುವ ಮೊತ್ತವು ಸುಮಾರು ರೂ. ೨೩,೫೦೦. ವರ್ಷದ ಕೊನೆಗೆ ಉಳಿಯುವ ಸಾಲವೋ, ಸುಮಾರು ರೂ. ೩೫,೧೦೦! ಇಪ್ಪತ್ತಮೂರು ಸಾವಿರವನ್ನು ಮೀರಿ ತೆತ್ತು ಐದು ಸಾವಿರದಷ್ಟು ಸಾಲವನ್ನೂ ಇಳಿಸಲಾಗದ ಈ ವ್ಯವಹಾರಕ್ಕೆ 'ಕನಿಷ್ಠ' ಎಂಬ ಸೌಮ್ಯವಾದ ಹೆಸರನ್ನಿಟ್ಟವನು ಭಾಷೆಯ ಮರ್ಮವನ್ನು ಬಲ್ಲವನೇ ಇರಬೇಕು. ಬಾಕಿ ಉಳಿದ ತಿಂಗಳಿನಿಂದ ಹೊಸ ಖರೀದಿಗಳಿಗೂ ಬಡ್ಡಿರಹಿತ ಅವಧಿಯು ತಪ್ಪಿಹೋಗುತ್ತದೆಂಬುದನ್ನು ಅನೇಕರು ಅರಿಯರು. ಕೊಂಡ ದಿನದಿಂದಲೇ ಬಡ್ಡಿ ಓಡತೊಡಗುತ್ತದೆ. ಎ.ಟಿ.ಎಂ.ನಲ್ಲಿ ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದರಂತೂ ಆ ಅವಧಿಯ ಪ್ರಶ್ನೆಯೇ ಇಲ್ಲ. ಮೊದಲ ದಿನದಿಂದ ಬಡ್ಡಿ, ಮೇಲೆ ಪ್ರತ್ಯೇಕ ಶುಲ್ಕ.

ಇಷ್ಟು ಬಡ್ಡಿಗೆ ಕಾನೂನಿನ ತಡೆಯಿಲ್ಲವೇ ಎಂಬ ಪ್ರಶ್ನೆ ಸಹಜವಾದುದು. ವರ್ಷಕ್ಕೆ ಶೇ. ೩೦ನ್ನು ಮೀರಿ ವಸೂಲು ಮಾಡುವುದು ಅನುಚಿತ ವ್ಯಾಪಾರವೆಂದು ರಾಷ್ಟ್ರೀಯ ಗ್ರಾಹಕ ವಿವಾದ ಪರಿಹಾರ ಆಯೋಗವು ೨೦೦೮ರಲ್ಲಿ ಹೇಳಿದ್ದುಂಟು. ೨೦೨೪ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆದೇಶವನ್ನು ರದ್ದುಗೊಳಿಸಿತು. ಅಲ್ಲಿಗೆ ಆ ಬಾಗಿಲು ಮುಚ್ಚಿದೆ. ಗೃಹಸ್ಥನಿಗೆ ಉಳಿದಿರುವುದು ಅವನ ಸ್ವಂತ ನಿಯಮವೊಂದೇ. ಪೂರ್ಣ ಸಲ್ಲಿಕೆ ಆಗದ ಸಂಸಾರಕ್ಕೆ ಹೊಂದುವ ಕ್ರೆಡಿಟ್ ಕಾರ್ಡು ಯಾವುದೂ ಇಲ್ಲ. ಅಂಥವರಿಗೆ ಸಹಕಾರಿ ಪತ್ತಿನ ಸಂಘದ ಸಾಲವಾಗಲಿ, ಬ್ಯಾಂಕಿನ ವೈಯಕ್ತಿಕ ಸಾಲವಾಗಲಿ, ಚಿನ್ನದ ಮೇಲಣ ಸಾಲವಾಗಲಿ ಸಾಮಾನ್ಯವಾಗಿ ಇದಕ್ಕಿಂತ ಎಷ್ಟೋ ಅಗ್ಗವಾದುದು.

ಬಹುಮಾನಗಳ ಹಣವು ಎಲ್ಲಿಂದ ಬರುತ್ತದೆಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಉಚಿತ. ಕಾರ್ಡನ್ನು ಉಜ್ಜಿದಾಗಲೆಲ್ಲ ವರ್ತಕನು ತನಗೆ ಬರುವ ಹಣದಲ್ಲಿ ಒಂದು ಪಾಲನ್ನು ಶುಲ್ಕವಾಗಿ ಬಿಟ್ಟುಕೊಡುತ್ತಾನೆ. ಅದರ ಜೊತೆಗೆ ಬಾಕಿ ಉಳಿಸಿಕೊಂಡವರ ಬಡ್ಡಿಯೂ ತಡಮಾಡಿದವರ ದಂಡವೂ ಬ್ಯಾಂಕಿನ ಭಂಡಾರವನ್ನು ಸೇರುತ್ತವೆ. ಜಾಗರೂಕನಾದ ಗ್ರಾಹಕನು ಪಡೆಯುವ ಉಡುಗೊರೆಯಲ್ಲಿ ಅಜಾಗರೂಕನ ಬಡ್ಡಿಯ ಅಂಶವೂ ಬೆರೆತಿದೆಯೆಂಬುದು ಸುಖಕರವಾದ ಸಂಗತಿಯಲ್ಲ. ಆದರೆ ಅದು ಸತ್ಯಸಂಗತಿ. ಗಣಿತದ ತರಗತಿಯಲ್ಲಿ ಚಕ್ರಬಡ್ಡಿಯ ಸೂತ್ರವನ್ನು ಬರೆಸುವ ಶಿಕ್ಷಕರು ಹತ್ತನೆಯ ತರಗತಿಯ ಮಕ್ಕಳಿಗೆ ಕಾರ್ಡಿನ ಬಿಲ್ಲೊಂದನ್ನು ಬಿಡಿಸಿ ತೋರಿಸಿದರೆ ಆ ಪಾಠಕ್ಕೆ ಬೇರೆಯೇ ಜೀವ ಬಂದೀತು.

ಇನ್ನು ಪೂರ್ಣ ಸಲ್ಲಿಸುವವರ ವಿಚಾರ. ಇವರು ಮಾಡಬೇಕಾದ ಕೆಲಸವೆಂದರೆ ಕಳೆದ ಒಂದು ವರ್ಷದ ಖರ್ಚನ್ನು ಬರೆದಿಟ್ಟುಕೊಂಡು, ಅದರಲ್ಲಿ ಕಾರ್ಡಿನ ಮೂಲಕ ಹೋಗಬಹುದಾದದ್ದು ಎಷ್ಟೆಂದು ಬೇರ್ಪಡಿಸುವುದು. ಇಲ್ಲಿಯೇ ಅನೇಕರ ಊಹೆ ಹುಸಿಯಾಗುತ್ತದೆ. ತಾಲ್ಲೂಕು ಕೇಂದ್ರವೊಂದರ ಪ್ರೌಢಶಾಲಾ ಶಿಕ್ಷಕರ ಮನೆಯನ್ನು ಕಲ್ಪಿಸಿಕೊಳ್ಳಬಹುದು. ತಿಂಗಳ ಖರ್ಚು ರೂ. ೬೦,೦೦೦. ಅದರಲ್ಲಿ ಗೃಹಸಾಲದ ಕಂತು, ಹಾಲಿನವನ ಹಣ, ಸಂತೆಯ ಕಾಯಿಪಲ್ಯ, ಮನೆಗೆಲಸದವರ ಸಂಬಳ, ಊರಿನಲ್ಲಿರುವ ತಂದೆತಾಯಿಗಳಿಗೆ ಕಳುಹಿಸುವ ಮೊತ್ತ, ಮದುವೆ ಮುಂಜಿಗಳ ಮುಯ್ಯಿ ಇವೆಲ್ಲವನ್ನೂ ಕಳೆದರೆ ಕಾರ್ಡಿನ ವ್ಯಾಪ್ತಿಗೆ ಬರುವುದು ಹೆಚ್ಚೆಂದರೆ ರೂ. ೨೦,೦೦೦. ವರ್ಷಕ್ಕೆ ರೂ. ೨,೪೦,೦೦೦. ವಾರ್ಷಿಕ ಶುಲ್ಕವಿಲ್ಲದೆ ಎಲ್ಲ ಖರೀದಿಗೂ ಶೇ. ೧ರಷ್ಟನ್ನು ಹಿಂದಿರುಗಿಸುವ ಸಾಧಾರಣ ಕಾರ್ಡೊಂದು ಇವರಿಗೆ ಕೊಡುವುದು ವರ್ಷಕ್ಕೆ ರೂ. ೨,೪೦೦. ಇವರೇ ರೂ. ೫,೦೦೦ ವಾರ್ಷಿಕ ಶುಲ್ಕದ, ವಿಮಾನ ಪ್ರಯಾಣಿಕರಿಗೆಂದು ರೂಪಿತವಾದ ಕಾರ್ಡನ್ನು ಆರಿಸಿಕೊಂಡರೆ ತೆರಿಗೆ ಸೇರಿ ಮೊದಲಿಗೇ ರೂ. ೫,೯೦೦ ತೆರಬೇಕು. ವರ್ಷಕ್ಕೊಮ್ಮೆ ಬೆಂಗಳೂರಿಗೆ ಬಸ್ಸಿನಲ್ಲಿಯೋ ರೈಲಿನಲ್ಲಿಯೋ ಹೋಗಿಬರುವವರಿಗೆ ಆ ಕಾರ್ಡು ಕಿಸೆಯ ಭಾರವೇ ಹೊರತು ಬೇರೇನೂ ಅಲ್ಲ. ಅದೇ ಶಾಲೆಯ ಹಳೆಯ ವಿದ್ಯಾರ್ಥಿಯಾಗಿ, ತಿಂಗಳಿಗೆ ಎರಡು ಸಲ ದೆಹಲಿಗೋ ಮುಂಬಯಿಗೋ ಹಾರುವ ಉದ್ಯಮಿಗೆ ಅದೇ ಕಾರ್ಡು ತನ್ನ ಶುಲ್ಕವನ್ನು ಮೊದಲ ಮೂರು ತಿಂಗಳಲ್ಲಿಯೇ ತೀರಿಸಿಕೊಟ್ಟೀತು. ಕಾರ್ಡು ಒಂದೇ, ಸಂಸಾರಗಳು ಎರಡು.

ಖರ್ಚಿನ ಬಗೆಗಳನ್ನು ನೋಡುವಾಗ ಕೆಲವು ಭ್ರಮೆಗಳನ್ನು ಕಳೆದುಕೊಳ್ಳಬೇಕಾಗುತ್ತದೆ. ಪೆಟ್ರೋಲಿನ 'ಸರ್‌ಚಾರ್ಜ್ ವಿನಾಯಿತಿ'ಯನ್ನು ಲಾಭವೆಂದು ಎಣಿಸುವವರಿದ್ದಾರೆ. ಕಾರ್ಡಿನಿಂದ ಹಣ ಕೊಟ್ಟದ್ದಕ್ಕಾಗಿಯೇ ಸುಮಾರು ಶೇ. ೧ರಷ್ಟು ಹೆಚ್ಚು ವಿಧಿಸಿ, ಅನಂತರ ಅದನ್ನೇ ಮನ್ನಾ ಮಾಡುವುದು ಆ ವಿನಾಯಿತಿ. ನಗದು ಕೊಟ್ಟವನಿಗೆ ಆ ಹೊರೆ ಮೊದಲೇ ಇಲ್ಲ. ಮನೆಯಲ್ಲಿ ವಾಹನವು ನಿತ್ಯವೂ ಐವತ್ತು ಮೈಲಿ ಓಡುವಂತಿದ್ದರೆ ತೈಲ ಕಂಪನಿಯೊಂದರ ಜೊತೆಗೂಡಿ ಹೊರಟ ಕಾರ್ಡನ್ನು ಪರಿಶೀಲಿಸಬಹುದು, ಆ ಕಂಪನಿಯ ಬಂಕು ದಾರಿಯಲ್ಲಿದ್ದರೆ ಮಾತ್ರ. ಒಂದೇ ಆನ್‌ಲೈನ್ ಅಂಗಡಿಯಲ್ಲಿ ಹೆಚ್ಚಾಗಿ ಕೊಳ್ಳುವವರಿಗೆ ಆ ಅಂಗಡಿಯ ಹೆಸರಿನ ಕಾರ್ಡು ಶೇ. ೫ರವರೆಗೆ ಹಿಂದಿರುಗಿಸುವುದುಂಟು. ಆದರೆ ಬೇರೆಡೆ ಅಗ್ಗವಾಗಿ ಸಿಕ್ಕುವುದನ್ನೂ ಅಲ್ಲಿಯೇ ಕೊಳ್ಳುವ ಚಾಳಿ ಅಂಟಿಕೊಂಡರೆ ಆ ಐದು ಬಂದ ದಾರಿಯಲ್ಲಿಯೇ ಮರಳಿತು.

ಸಣ್ಣ ಊರುಗಳ ಪಾಲಿಗೆ ೨೦೨೨ರಲ್ಲಿ ಬಂದ ಬದಲಾವಣೆಯು ಗಮನಾರ್ಹವಾದುದು. ಆ ವರ್ಷದಿಂದ ರುಪೇ ಕ್ರೆಡಿಟ್ ಕಾರ್ಡುಗಳನ್ನು ಯು.ಪಿ.ಐ.ಗೆ ಜೋಡಿಸಿ, ಕಾರ್ಡು ಉಜ್ಜುವ ಯಂತ್ರವಿಲ್ಲದ ಅಂಗಡಿಗಳಲ್ಲಿಯೂ ವರ್ತಕರ ಕ್ಯು.ಆರ್. ಚಿತ್ರದ ಮೂಲಕ ಹಣ ಸಲ್ಲಿಸುವ ಅವಕಾಶ ದೊರೆಯಿತು. ಔಷಧಿ ಅಂಗಡಿ, ಪುಸ್ತಕದ ಅಂಗಡಿ, ಕಿರಾಣಿ ಅಂಗಡಿಗಳಲ್ಲಿಯೇ ಖರ್ಚಿನ ಬಹುಭಾಗವು ಮುಗಿಯುವ ಮನೆಗೆ ಮಹಾನಗರದ ಮಾಲುಗಳನ್ನು ಉದ್ದೇಶಿಸಿದ ಕಾರ್ಡಿಗಿಂತ ಇದೇ ಹೆಚ್ಚು ಹೊಂದುತ್ತದೆ. ಆದರೆ ಇದರಲ್ಲಿಯೂ ಒಂದು ಮುಳ್ಳಿದೆ. ಹತ್ತು ರೂಪಾಯಿಯ ಚಹಾ ಸಹ ಸಾಲದ ಖಾತೆಗೆ ಬೀಳತೊಡಗಿದಾಗ, ತಿಂಗಳ ಕೊನೆಯ ಬಿಲ್ಲಿನಲ್ಲಿ ನೂರಿಪ್ಪತ್ತು ಸಾಲುಗಳಿದ್ದರೆ ಯಾವ ಗೃಹಸ್ಥನೂ ಅವನ್ನು ಒಂದೊಂದಾಗಿ ತಾಳೆ ನೋಡುವುದಿಲ್ಲ.

ಶಾಲಾ ಶುಲ್ಕವು ಅನೇಕ ಮನೆಗಳಲ್ಲಿ ವರ್ಷದ ದೊಡ್ಡ ಖರ್ಚು. ೨೦೨೪ರಿಂದೀಚೆಗೆ ಕೆಲವು ದೊಡ್ಡ ಬ್ಯಾಂಕುಗಳು, ಮಧ್ಯವರ್ತಿ ಆ್ಯಪುಗಳ ಮೂಲಕ ಕಾರ್ಡಿನಿಂದ ಶುಲ್ಕ ಸಲ್ಲಿಸಿದರೆ ಶೇ. ೧ನ್ನು ಹೆಚ್ಚುವರಿಯಾಗಿ ವಿಧಿಸತೊಡಗಿವೆ. ಸಂಸ್ಥೆಯ ಸ್ವಂತ ಜಾಲತಾಣದಲ್ಲಿಯೋ ಕಚೇರಿಯ ಯಂತ್ರದಲ್ಲಿಯೋ ನೇರವಾಗಿ ಸಲ್ಲಿಸಿದರೆ ಬ್ಯಾಂಕಿನ ಈ ಹೊರೆ ಇಲ್ಲ. ಶುಲ್ಕದ ಕಾಲವು ಬರುವ ಮುನ್ನ ತಮ್ಮ ಕಾರ್ಡಿನ ಈ ಒಂದು ಷರತ್ತನ್ನು ಪೋಷಕರು ಓದಿಕೊಳ್ಳಬೇಕು.

ಮಕ್ಕಳು ಅಮೆರಿಕದಲ್ಲಿಯೋ ಇಂಗ್ಲೆಂಡಿನಲ್ಲಿಯೋ ನೆಲೆಸಿದ್ದು, ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿಬರುವ ತಂದೆತಾಯಿಗಳ ಸಂಖ್ಯೆ ಇಂದು ಕಡಿಮೆಯೇನಲ್ಲ. ಅವರು ನೋಡಬೇಕಾದದ್ದು ಬಹುಮಾನವನ್ನಲ್ಲ, ವಿದೇಶೀ ನಾಣ್ಯದ ವ್ಯವಹಾರಕ್ಕೆ ವಿಧಿಸುವ ಹೆಚ್ಚುವರಿಯನ್ನು. ಬಹಳಷ್ಟು ಕಾರ್ಡುಗಳಲ್ಲಿ ಅದು ಶೇ. ೩.೫, ತೆರಿಗೆ ಸೇರಿದರೆ ಲಕ್ಷ ರೂಪಾಯಿಯ ಖರ್ಚಿಗೆ ರೂ. ೪,೧೩೦. ಈ ಹೆಚ್ಚುವರಿಯನ್ನು ಶೇ. ೨ಕ್ಕೆ ಇಳಿಸಿದ, ಅಥವಾ ಸಂಪೂರ್ಣ ಕೈಬಿಟ್ಟ ಕಾರ್ಡುಗಳೂ ಇವೆ. ಅಲ್ಲಿನ ಅಂಗಡಿಯ ಯಂತ್ರವು 'ರೂಪಾಯಿಯಲ್ಲಿ ಕೊಡುವಿರೋ ಡಾಲರಿನಲ್ಲಿ ಕೊಡುವಿರೋ' ಎಂದು ಕೇಳಿದಾಗ, ಪರಿಚಿತ ನಾಣ್ಯವೆಂದು ರೂಪಾಯಿಯನ್ನು ಒತ್ತುವವರು ಸಾಮಾನ್ಯವಾಗಿ ಹೆಚ್ಚು ತೆರುತ್ತಾರೆ. ಆ ವಿನಿಮಯದ ದರವನ್ನು ಅಂಗಡಿಯ ಕಡೆಯವರು ನಿಗದಿ ಮಾಡಿರುತ್ತಾರೆ.

ವರಮಾನವು ತಿಂಗಳಿಗೊಮ್ಮೆ ಬಾರದ ಮನೆಗಳನ್ನು ಕುರಿತು ಕರಪತ್ರಗಳು ಏನನ್ನೂ ಹೇಳುವುದಿಲ್ಲ. ಕಬ್ಬಿನ ಬಿಲ್ಲು, ಹತ್ತಿಯ ಹಣ, ಮೆಣಸಿನಕಾಯಿಯ ಪಟ್ಟಿ ಇವು ವರ್ಷಕ್ಕೊಂದೆರಡು ಸಲ ಬರುವಂಥವು. ಕಾರ್ಡಿನ ಗಡುವೋ ತಿಂಗಳಿಗೊಮ್ಮೆ ತಪ್ಪದೆ ಬರುವಂಥದು. ಈ ಎರಡು ಪಂಚಾಂಗಗಳಿಗೆ ಮೇಳವಿಲ್ಲ. ಒಕ್ಕಲುತನದ ವೆಚ್ಚಕ್ಕೆ ೧೯೯೮ರಲ್ಲಿ ಆರಂಭವಾದ ಕಿಸಾನ್ ಕ್ರೆಡಿಟ್ ಕಾರ್ಡ್ ಬೇರೆಯೇ ಇದೆ. ಮೂರು ಲಕ್ಷ ರೂಪಾಯಿಗಳವರೆಗಿನ ಬೆಳೆಸಾಲವನ್ನು ಸಕಾಲದಲ್ಲಿ ತೀರಿಸಿದವರಿಗೆ ಸರ್ಕಾರದ ಬಡ್ಡಿ ಸಹಾಯದೊಡನೆ ಅದರ ಬಡ್ಡಿಯು ವರ್ಷಕ್ಕೆ ಶೇ. ೪ಕ್ಕೆ ಇಳಿಯುತ್ತದೆ. ಹೆಸರಿನಲ್ಲಿ ಅದೂ ಕ್ರೆಡಿಟ್ ಕಾರ್ಡು, ಇದೂ ಕ್ರೆಡಿಟ್ ಕಾರ್ಡು. ಬಡ್ಡಿಯಲ್ಲಿ ಹತ್ತು ಪಟ್ಟಿನ ಅಂತರ. ರೈತ ಕುಟುಂಬದಿಂದ ಬಂದು ನಗರದಲ್ಲಿ ನೌಕರಿಗೆ ಸೇರಿದ ಯುವಕರು, ಹೊಲದ ಗೊಬ್ಬರಕ್ಕೆಂದು ತಮ್ಮ ಬ್ಯಾಂಕ್ ಕಾರ್ಡನ್ನು ಉಜ್ಜುವ ಮುನ್ನ ಈ ಅಂತರವನ್ನು ನೆನೆಯಬೇಕು.

ಕಾರ್ಡನ್ನು ಖರ್ಚಿಗೆ ತಕ್ಕಂತೆ ಆರಿಸಬೇಕೆಂಬ ಮಾತಿನಲ್ಲಿ ಇನ್ನೊಂದು ತೊಡಕೂ ಅಡಗಿದೆ: ಕಾರ್ಡು ಬಂದ ಮೇಲೆ ಖರ್ಚು ಹಿಂದಿನಂತೆ ಉಳಿಯುವುದಿಲ್ಲ. ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಡ್ರೇಜನ್ ಪ್ರೆಲೆಕ್ ಹಾಗೂ ಡಂಕನ್ ಸಿಮೆಸ್ಟರ್ ಎಂಬ ವಿದ್ವಾಂಸರು ೨೦೦೧ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟುಗಳನ್ನು ಹರಾಜಿಗಿಟ್ಟಾಗ, ಕಾರ್ಡಿನಲ್ಲಿ ಹಣ ಕೊಡಬೇಕಾಗಿದ್ದವರು ನಗದು ಕೊಡಬೇಕಾಗಿದ್ದವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಕೂಗಿದರು. 'ವರ್ಷಕ್ಕೆ ಇಷ್ಟು ಲಕ್ಷ ಖರ್ಚು ಮಾಡಿದರೆ ಶುಲ್ಕ ಮನ್ನಾ' ಎಂಬ ಷರತ್ತು ಈ ದೌರ್ಬಲ್ಯವನ್ನೇ ಆಶ್ರಯಿಸಿದೆ. ಶುಲ್ಕ ರೂ. ೯೯೯, ತೆರಿಗೆ ಸೇರಿ ರೂ. ೧,೧೭೯. ಇದನ್ನು ಉಳಿಸುವುದಕ್ಕಾಗಿ ವರ್ಷಾಂತ್ಯದಲ್ಲಿ ಬೇಡವಾದ ಇಪ್ಪತ್ತು ಸಾವಿರದ ದೂರದರ್ಶನ ಯಂತ್ರವನ್ನು ಕೊಂಡುತರುವ ಸುಶಿಕ್ಷಿತರು ಇಲ್ಲದಿಲ್ಲ. 'ಬಡ್ಡಿಯಿಲ್ಲದ ಕಂತು' ಎಂಬುದೂ ಇದೇ ಕುಲದ್ದು. ಶೂನ್ಯ ಬಡ್ಡಿಯ ಯೋಜನೆಗಳಲ್ಲಿ ಬಡ್ಡಿಯ ಅಂಶವನ್ನು ಸಂಸ್ಕರಣ ಶುಲ್ಕದ ರೂಪದಲ್ಲಿ ಮರೆಮಾಡಲಾಗುತ್ತಿದೆಯೆಂದು ರಿಸರ್ವ್ ಬ್ಯಾಂಕು ೨೦೧೩ರಲ್ಲಿಯೇ ಆಕ್ಷೇಪಿಸಿತ್ತು. ಆದಕಾರಣ ಈಗ ಇರುವ ಖರ್ಚಿಗೆ ಹೊಂದುವ ಕಾರ್ಡನ್ನು ಆರಿಸುವುದು ಲೇಸು. ಮುಂದೆ ಮಾಡಬೇಕೆಂದಿರುವ ಖರ್ಚಿಗೆ ಹೊಂದುವ ಕಾರ್ಡು ಆ ಖರ್ಚನ್ನು ಮಾಡಿಸಿಯೇ ತೀರುತ್ತದೆ.

ಇಷ್ಟೆಲ್ಲ ಕೇಳಿದ ಹಿರಿಯರು 'ಹಾಗಾದರೆ ಈ ಗೋಜೇ ಬೇಡ' ಎಂದಾರು. ಅದೂ ಸರಿಯಾದ ತೀರ್ಮಾನವಲ್ಲ. ಅಪರಾತ್ರಿಯಲ್ಲಿ ಆಸ್ಪತ್ರೆಯು ಮುಂಗಡ ಕೇಳಿದಾಗ ಠೇವಣಿಯನ್ನು ಮುರಿಸಲು ಬ್ಯಾಂಕು ತೆರೆದಿರುವುದಿಲ್ಲ. ಮೋಸದ ವ್ಯವಹಾರ ನಡೆದರೆ ಉಳಿತಾಯ ಖಾತೆಯಲ್ಲಿ ಹೋಗುವುದು ಸ್ವಂತ ಹಣ. ಕ್ರೆಡಿಟ್ ಕಾರ್ಡಿನಲ್ಲಿ ಬಿಲ್ಲು ಬರುವ ಮೊದಲೇ ತಕರಾರು ಹೂಡುವ ಅವಕಾಶವುಂಟು. ೩೦೦ರಿಂದ ೯೦೦ರವರೆಗಿನ ಸಿಬಿಲ್ ಅಂಕವು ನಾಳೆಯ ಗೃಹಸಾಲದ ಬಡ್ಡಿಯನ್ನು ನಿರ್ಧರಿಸುವಲ್ಲಿ ಪಾತ್ರ ವಹಿಸುತ್ತಿರುವುದರಿಂದ, ಸಾಲವನ್ನೇ ಮಾಡದವನಿಗೆ ಚರಿತ್ರೆಯೂ ಇಲ್ಲದಂತಾಗುತ್ತದೆ. ಎಂದೂ ಸಾಲ ಮಾಡದ ಸಜ್ಜನನಿಗೆ ಅಂಕವಿಲ್ಲವೆಂಬುದು ಈ ಕಾಲದ ವಿಪರ್ಯಾಸಗಳಲ್ಲೊಂದು. ನಿವೃತ್ತರಿಗೂ ಹೊಸದಾಗಿ ನೌಕರಿಗೆ ಸೇರಿದವರಿಗೂ ನಿಶ್ಚಿತ ಠೇವಣಿಯ ಆಧಾರದ ಮೇಲೆ ಕೊಡುವ ಕಾರ್ಡು ಸುಲಭವಾಗಿ ದೊರೆಯುತ್ತದೆ. ಅದರ ಮಿತಿಯು ಠೇವಣಿಯೊಳಗೇ ಇರುವುದರಿಂದ ಹದ್ದು ಮೀರುವ ಭಯವೂ ಕಡಿಮೆ. ಮಿತಿಯೆಷ್ಟೇ ಇರಲಿ, ಅದರ ಬಹುಭಾಗವನ್ನು ಪ್ರತಿ ತಿಂಗಳೂ ಬಳಸುತ್ತ ಹೋದರೆ ಅಂಕವು ಕುಗ್ಗುತ್ತದೆ.

ಆರಿಸಿದ ಮೇಲೆ ದಿನಾಂಕವನ್ನು ಹೊಂದಿಸಿಕೊಳ್ಳುವುದು ಆಯ್ಕೆಯಷ್ಟೇ ಮುಖ್ಯವಾದುದು. ಬಿಲ್ಲು ಪ್ರತಿ ತಿಂಗಳ ೫ರಂದು ಸಿದ್ಧವಾಗಿ ೨೫ಕ್ಕೆ ಗಡುವು ಬರುವಂತಿದ್ದರೆ, ೬ರಂದು ಕೊಂಡ ವಸ್ತುವಿಗೆ ಸುಮಾರು ಐವತ್ತು ದಿನಗಳ ಅವಕಾಶ. ೪ರಂದು ಕೊಂಡದ್ದಕ್ಕೆ ಇಪ್ಪತ್ತೊಂದೇ ದಿನ. ಸಂಬಳವು ತಿಂಗಳ ಮೊದಲ ವಾರದಲ್ಲಿ ಬರುವವರಿಗೆ ೨೫ರ ಗಡುವು ಅತ್ಯಂತ ಅಹಿತಕರವಾದುದು. ಖಾತೆ ಬರಿದಾಗುವ ಹೊತ್ತಿಗೇ ಬೇಡಿಕೆ ಬರುತ್ತದೆ. ಬಿಲ್ಲಿನ ಆವರ್ತನೆಯನ್ನು ಕನಿಷ್ಠ ಒಂದು ಸಲವಾದರೂ ಬದಲಿಸಿಕೊಳ್ಳುವ ಹಕ್ಕನ್ನು ರಿಸರ್ವ್ ಬ್ಯಾಂಕಿನ ನಿಯಮಗಳು ಗ್ರಾಹಕನಿಗೆ ಕೊಟ್ಟಿವೆ. ಪೂರ್ಣ ಮೊತ್ತವು ಉಳಿತಾಯ ಖಾತೆಯಿಂದ ತಾನಾಗಿಯೇ ಸಂದಾಯವಾಗುವಂತೆ ಬರೆದುಕೊಡುವುದೂ ಉಂಟು. ಆದರೆ ಆ ಅರ್ಜಿಯಲ್ಲಿ 'ಕನಿಷ್ಠ ಮೊತ್ತ' ಎಂಬ ಚೌಕಕ್ಕೆ ಗುರುತು ಬಿದ್ದಿದೆಯೋ 'ಪೂರ್ಣ ಮೊತ್ತ'ಕ್ಕೆ ಬಿದ್ದಿದೆಯೋ ಎಂದು ಕನ್ನಡಕ ಹಾಕಿಕೊಂಡು ನೋಡಬೇಕು.

ಮನೆಯ ಖರ್ಚಿನ ಸ್ವರೂಪವು ಹತ್ತು ವರ್ಷ ಒಂದೇ ತೆರನಾಗಿರುವುದಿಲ್ಲ. ಮಕ್ಕಳ ಶಾಲೆ ಮುಗಿಯುತ್ತದೆ, ವಾಹನ ಮಾರಾಟವಾಗುತ್ತದೆ, ನಿವೃತ್ತಿ ಬರುತ್ತದೆ. ಬ್ಯಾಂಕುಗಳೂ ಬಹುಮಾನದ ಷರತ್ತುಗಳನ್ನು ವರ್ಷಕ್ಕೊಮ್ಮೆಯಾದರೂ ತಿದ್ದುತ್ತಿರುತ್ತವೆ. ಅಂದು ಹೊಂದಿದ ಕಾರ್ಡು ಇಂದು ಹೊಂದದಿದ್ದರೆ ಅದನ್ನು ಮೇಜಿನ ಖಾನೆಯಲ್ಲಿ ಹಾಕಿ ಮರೆಯುವುದಕ್ಕಿಂತ, ಬಾಕಿ ತೀರಿಸಿ, ಮುಚ್ಚುವಂತೆ ಬರೆದು ತಿಳಿಸುವುದು ಮೇಲು. ೨೦೨೨ರಲ್ಲಿ ರಿಸರ್ವ್ ಬ್ಯಾಂಕು ವಿಧಿಸಿದ ನಿಯಮದಂತೆ, ಬಾಕಿಯಿಲ್ಲದ ಕಾರ್ಡನ್ನು ಕೋರಿಕೆ ಬಂದ ಏಳು ಕೆಲಸದ ದಿನಗಳೊಳಗೆ ಮುಚ್ಚದಿದ್ದರೆ, ತಡವಾದ ಪ್ರತಿದಿನಕ್ಕೂ ಗ್ರಾಹಕನಿಗೆ ರೂ. ೫೦೦ನ್ನು ಬ್ಯಾಂಕೇ ತೆರಬೇಕು. ಕೋರಿಕೆಯ ಪ್ರತಿಯನ್ನೂ ಅದರ ದಿನಾಂಕವನ್ನೂ ತೆಗೆದಿಟ್ಟುಕೊಂಡವರಿಗೆ ಮಾತ್ರ ಈ ಹಕ್ಕು ಕೈಗೆ ಬರುತ್ತದೆ.